ನ್ಯೂ ವೇಗಸ್ ರಿಪೇರಿ: 75ರ ಗೆರೆ ಅರ್ಥವಾದರೆ ಅರ್ಧ ಕೆಲಸ ಮುಗೀತು

2010ರ ವಿಡಿಯೋ ಗೇಮ್ ಫಾಲೌಟ್: ನ್ಯೂ ವೇಗಸ್‌ನಲ್ಲಿ ಪ್ರತಿ ಗನ್ನಿಗೂ ಅದರ ಸ್ಥಿತಿ ತೋರಿಸುವ ಸಿಎನ್‌ಡಿ (ಕಂಡಿಷನ್) ಅನ್ನೋ ಪಟ್ಟಿ ಇರುತ್ತೆ. ಗುಂಡು ಹಾರಿದಂತೆಲ್ಲ ಅದು ಇಳಿಯುತ್ತೆ, ಪೂರ್ತಿ ಖಾಲಿಯಾದರೆ ಗನ್ನು ಕೆಟ್ಟಿತು ಅಂತಲೇ ಲೆಕ್ಕ.

ಗೊಂದಲ ಆಗೋದು ಇಲ್ಲಿ: ಪಟ್ಟಿ ಇಳಿದಷ್ಟೂ ಗನ್ನಿನ ಏಟೂ (ಡ್ಯಾಮೇಜ್) ಇಳಿಯುತ್ತಾ? 75%ವರೆಗೆ ಇಳಿಯಲ್ಲ. 100ರಲ್ಲಿರುವ ಗನ್ನು, 76ರಲ್ಲಿರುವ ಗನ್ನು, ಎರಡರದೂ ಒಂದೇ ಏಟು. 75 ದಾಟಿ ಕೆಳಗೆ ಬಂದ ಮೇಲೆ ಕುಸಿತ ಶುರು: 50%ಗೆ ಬಂದಾಗ ಪೂರ್ಣ ಏಟಿನ ಸುಮಾರು 83% ಉಳಿಯುತ್ತೆ, ತಳ ಮುಟ್ಟುವ ಹೊತ್ತಿಗೆ ಅರ್ಧದ ಹತ್ತಿರ. ಆಟದಲ್ಲಿ ಗನ್ನು ರಿಪೇರಿ ಮಾಡೋ ಸಾಮಾನ್ಯ ದಾರಿ ಅದೇ ಬಗೆಯ ಇನ್ನೊಂದು ಗನ್ನನ್ನು ಬಳಸೋದು, ಬಳಸಿದ್ದು ಹೋಗುತ್ತೆ. ಹಾಗಾಗಿ 95ರಲ್ಲಿರುವ ಗನ್ನನ್ನು 100 ಮಾಡಲು ಇನ್ನೊಂದು ಗನ್ನು ಬಲಿ ಕೊಡೋದು ಶುದ್ಧ ದಂಡ. 80ರ ಆಸುಪಾಸಿಗೆ ಬಂದಾಗ ಕೈ ಹಾಕಿ. ಮಾರುವ ಗನ್ನಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಪಟ್ಟಿ ಇಳಿದಂತೆ ಬೆಲೆಯೂ ಇಳಿಯುತ್ತೆ. ರಕ್ಷಾಕವಚಕ್ಕೆ ಗೆರೆ 50%.

ಹಿಂದಿನ ಆಟ ಫಾಲೌಟ್ 3 ಆಡಿ ಬಂದವರಿಗೆ ಒಂದು ಮಾತು: ಅಲ್ಲಿ ರಿಪೇರಿ ಕೌಶಲ ಎಷ್ಟಿದೆಯೋ ಅಷ್ಟರ ಮಟ್ಟಕ್ಕೇ ವಸ್ತು ಸರಿಹೋಗುತ್ತಿತ್ತು. ಇಲ್ಲಿ ಆ ಮಿತಿ ಇಲ್ಲ.

ವೆಪನ್ ರಿಪೇರಿ ಕಿಟ್ ವರ್ಕ್‌ಬೆಂಚಿನಲ್ಲಿ ತಯಾರಾಗುತ್ತೆ, ರಿಪೇರಿ ಕೌಶಲ 50 ಬೇಕು. ಒಂದು ಕಿಟ್‌ಗೆ 1 ಡಕ್ಟ್ ಟೇಪ್, 1 ವಂಡರ್‌ಗ್ಲೂ, 1 ರೆಂಚ್, 2 ಸ್ಕ್ರ್ಯಾಪ್ ಎಲೆಕ್ಟ್ರಾನಿಕ್ಸ್, 3 ಸ್ಕ್ರ್ಯಾಪ್ ಮೆಟಲ್. ಕೌಶಲ 40 ಇದ್ದರೆ 'ಫಿಕ್ಸಿನ್ ಥಿಂಗ್ಸ್' ಪತ್ರಿಕೆ ಓದಿ, ತಾತ್ಕಾಲಿಕ 10 ಸಿಗುತ್ತೆ. ಬೆಂಚಿನ ಪಕ್ಕ ನಿಂತೇ ಓದಿ. ಕಿಟ್ ಸರಿಮಾಡೋದು ಕೈಯಲ್ಲಿ ಹಿಡಿದ ಗನ್ನನ್ನು ಮಾತ್ರ, ಹಿಡಿದಿರೋದು ಯಾವುದು ಅಂತ ನೋಡದೆ ಒತ್ತಿದರೆ ಕಿಟ್ ವ್ಯರ್ಥ. ಕವಚಕ್ಕೆ ಇದು ಕೆಲಸಕ್ಕೆ ಬರಲ್ಲ.

ಕವಚಕ್ಕೆ ಜ್ಯೂರಿ ರಿಗ್ಗಿಂಗ್ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಶಕ್ತಿ). ಲೆವೆಲ್ 14, ರಿಪೇರಿ 90. ಒಂದೇ ವರ್ಗದ ಯಾವುದಾದರೂ ವಸ್ತುವಿನಿಂದ ರಿಪೇರಿ ಆಗುತ್ತೆ. ಪವರ್ ಆರ್ಮರೂ ಮೆಟಲ್ ಆರ್ಮರೂ ಎರಡೂ ಹೆವಿ ವರ್ಗದ ಕವಚ, ಹಾಗಾಗಿ ದುಬಾರಿ ಪವರ್ ಆರ್ಮರಿಗೆ ಅಗ್ಗದ ತಗಡಿನ ತೇಪೆ! ಇಡೀ ಆಟದಲ್ಲಿ ಇದಕ್ಕಿಂತ ಲಾಭದ ಪರ್ಕ್ ಕಾಣೆ.

ಎನರ್ಜಿ ಗನ್ನು (ಲೇಸರ್, ಪ್ಲಾಸ್ಮಾ ಥರದ್ದು) ಬೇಗ ಸವೆಯುತ್ತಿದ್ದರೆ ಅದಕ್ಕೆ ತುಂಬಿದ ಮದ್ದುಗುಂಡು ಯಾವ ಬಗೆಯದು ನೋಡಿ. ಮ್ಯಾಕ್ಸ್ ಚಾರ್ಜ್ ಬಗೆ ಏಟನ್ನು 1.5 ಪಟ್ಟು ಮಾಡುತ್ತೆ, ಸವೆತವನ್ನು 2.5 ಪಟ್ಟು, ಓವರ್ ಚಾರ್ಜ್‌ನಲ್ಲಿ ಕ್ರಮವಾಗಿ 1.25, 1.5.