ಒಂದು ಬಾಲದ ಮೂಳೆ, ಒಂದು ದೊಡ್ಡ ಹೆಸರು

ಪಳೆಯುಳಿಕೆ ನೋಡಲು ಬರುವ ಹುಡುಗರು ತಪ್ಪದೆ ಕೇಳುತ್ತಾರೆ: "ಸರ್, ಇಷ್ಟೇ ಇಷ್ಟು ಮೂಳೆ ನೋಡಿ ಹೆಸರಿಡೋದು ಹೇಗೆ?" ಆಗ ನಾನು ಜಬಲ್ಪುರದ ಕಥೆ ತೆಗೆಯುತ್ತೇನೆ.

1828ರಲ್ಲಿ ಅಲ್ಲಿನ ಬಾರಾ ಸಿಮ್ಲಾ ಗುಡ್ಡದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಕಲ್ಲಾದ ಮೂಳೆಗಳು ಸಿಕ್ಕವು. ಮುಂದೆ ಥಗ್ಗರನ್ನು ಮಟ್ಟ ಹಾಕಿ ಹೆಸರಾದ ಸ್ಲೀಮನ್ ಇವರೇ. ಆಗಿನ್ನೂ 'ಡೈನೋಸಾರ್' ಎಂಬ ಪದವೇ ಹುಟ್ಟಿರಲಿಲ್ಲ. ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವೆನ್ ಅದನ್ನು ಅಚ್ಚಿಗೆ ತಂದದ್ದು 1842ರಲ್ಲಿ. ಮೂಳೆಗಳು ಕೈಯಿಂದ ಕೈಗೆ ದಾಟಿ ಕಲ್ಕತ್ತೆ ಸೇರಿದವು. ಕೊನೆಗೆ 1877ರಲ್ಲಿ, ಸಿಕ್ಕಿ 49 ವರ್ಷಗಳಾದ ಮೇಲೆ, ಭೂವಿಜ್ಞಾನಿ ರಿಚರ್ಡ್ ಲೈಡೆಕರ್ ಆ ಮೂಳೆಗಳ ಡೈನೋಸಾರ್‌ಗೆ 'ಟೈಟನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟರು.

ಅವರ ಕಣ್ಣಿಗೆ ಬಿದ್ದದ್ದು ಬಾಲದ ಮೂಳೆಯ ಆಕಾರ. ನಮ್ಮ ಒರಳು, ಗುಂಡುಕಲ್ಲು ನೆನಪಿಸಿಕೊಳ್ಳಿ. ಈ ಮೂಳೆಯ ಮುಂದಿನ ಮುಖ ಒರಳಿನ ಹಾಗೆ ತಗ್ಗು, ಹಿಂದಿನದು ಗುಂಡಿನ ಹಾಗೆ ಉಬ್ಬು. ಒಂದರ ಗುಂಡು ಅದರ ಹಿಂದಿನದರ ಒರಳಿನಲ್ಲಿ ಕೂರುತ್ತದೆ. ಇಡೀ ಬಾಲ ಹೀಗೇ ಒಂದಕ್ಕೊಂದು ಸಿಕ್ಕಿಕೊಂಡು ಹೋಗುತ್ತದೆ. ಅಷ್ಟು ದೊಡ್ಡ ಪ್ರಾಣಿಯಲ್ಲಿ ಇಂಥ ಕೀಲು ಆಗ ಹೊಸದು. ಹೆಸರಿಡಲು ಅಷ್ಟು ಸಾಕಾಯಿತು.

ತೊಂದರೆ ಆಮೇಲೆ ಬಂತು. ಅದೇ ಒರಳು-ಗುಂಡು ದಕ್ಷಿಣ ಅಮೆರಿಕದಲ್ಲಿ, ಆಫ್ರಿಕಾದಲ್ಲಿ, ಬೇರೆ ಬೇರೆ ಪ್ರಾಣಿಗಳಲ್ಲಿ ಸಿಗುತ್ತಾ ಹೋಯಿತು. ಪಳೆಯುಳಿಕೆ ಓದುವ ನಮ್ಮಲ್ಲಿ ಹೆಸರನ್ನು ಮೂಲ ಮಾದರಿಗೆ, ಅಂದರೆ ಹೆಸರಿಡುವಾಗ ಆಧಾರವಾದ ಮೂಳೆಗೆ, ಕಟ್ಟಿಹಾಕಿರುತ್ತೇವೆ. ಆ ಮೂಳೆಯಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಗುರುತು ಇಲ್ಲ ಅಂದರೆ ಹೆಸರು ನಿಲ್ಲುವುದಿಲ್ಲ. 2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಎಂಬ ಸಂಶೋಧಕರು ಅದನ್ನೇ ಹೇಳಿ ಈ ಹೆಸರನ್ನು ಕೈಬಿಟ್ಟರು. ತಮಾಷೆ ನೋಡಿ, 'ಟೈಟನೋಸಾರ್' ಎಂಬ ಡೈನೋಸಾರ್ ಗುಂಪಿನ ಹೆಸರು ಮಾತ್ರ ಇವತ್ತಿಗೂ ಗಟ್ಟಿಯಾಗಿದೆ. ಮನೆತನ ಉಳಿದು ಮೂಲಪುರುಷನೇ ಪಟ್ಟಿಯಿಂದ ಹೊರಬಿದ್ದ ಹಾಗೆ, ಅಲ್ವಾ?

ಲೈಡೆಕರ್ ಅವಸರ ಮಾಡಿದರು ಅಂತ ನಾನಂತೂ ಹೇಳುವುದಿಲ್ಲ. 1877ರಲ್ಲಿ ಪಕ್ಕಕ್ಕಿಟ್ಟು ಹೋಲಿಸಲು ಬೇರೆ ಮೂಳೆಗಳೇ ಜಾಸ್ತಿ ಇರಲಿಲ್ಲ. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಈ ನಡುವೆ ಆ ಮೂಳೆಗಳೇ ಕಾಣೆಯಾಗಿದ್ದವು. ಕಳೆದೇಹೋದವು ಅಂದುಕೊಂಡಿದ್ದರು. 2012ರಲ್ಲಿ ಧನಂಜಯ ಮೊಹಬೆ ಮತ್ತು ಶುಭಾಶಿಸ್ ಸೇನ್ ಹುಡುಕಿದಾಗ ಅವುಗಳಲ್ಲಿ ಒಂದು ಸಿಕ್ಕಿತು. ಎಲ್ಲಿ? ಕೋಲ್ಕತ್ತಾದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ.

ಅದಕ್ಕೇ ನಾನು ಪ್ರತಿ ಮೂಳೆಗೂ ಎರಡು ಚೀಟಿ ಬರೆಸುತ್ತೇನೆ. ಒಂದು ಮೂಳೆಗೆ ಕಟ್ಟಲು, ಇನ್ನೊಂದು ಪೆಟ್ಟಿಗೆಯೊಳಗೆ ಇಡಲು. ಹುಡುಗರು ಗೊಣಗುತ್ತಾರೆ. ಗೊಣಗಲಿ.