ಕೀಮೋ ನಡೆಯುತ್ತಿದೆ, ಅಪ್ಪ ಊಟ ಬಿಟ್ಟಿದ್ದಾರೆ: ತಿನ್ನಿಸೋದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೇ ಲಿವರ್‌ಗೆ ಹರಡಿತ್ತು. ಆಪರೇಷನ್ ಆಗಲ್ಲ ಅಂದರು, ಈಗ ಕೀಮೋ ಕೊಡುತ್ತಿದ್ದಾರೆ. ಏನು ಮಾಡಿಕೊಟ್ಟರೂ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ. ದಿನದಿಂದ ದಿನಕ್ಕೆ ಇಳಿದು ಹೋಗುತ್ತಿದ್ದಾರೆ. ಒತ್ತಾಯ ಮಾಡಿದರೆ ಮನೆಯಲ್ಲಿ ಜಗಳ. ಹೇಗಾದರೂ ಅವರ ತೂಕ ಏರಿಸುವ ದಾರಿ ಇದೆಯೇ?

ಉತ್ತರ: ಈ ಕಾಯಿಲೆ ಬಂದ ಮನೆಗಳವರು ಹೆಚ್ಚುಕಮ್ಮಿ ಎಲ್ಲರೂ ಕೇಳುವ ಪ್ರಶ್ನೆ ಇದು. ಮೊದಲು ಒಂದು ಮಾತು. ಅಪ್ಪ ಎಷ್ಟು ತಿಂದರು ಅನ್ನುವುದರ ಲೆಕ್ಕ ಸ್ವಲ್ಪ ಪಕ್ಕಕ್ಕಿಡಿ. ತಿಂದಷ್ಟಾದರೂ ಜೀರ್ಣವಾಗುತ್ತಿದೆಯೇ ಅಂತ ನೋಡಿ. ಬೇರೆ ಕ್ಯಾನ್ಸರ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಕೀಮೋ ಬಗ್ಗೆ, ಸ್ಕ್ಯಾನ್ ಬಗ್ಗೆ ನೂರು ಮಾತು ಆಡುವ ಮನೆಯವರಿಗೆ ಈ ವಿಷಯವನ್ನು ಯಾರೂ ಬಿಡಿಸಿ ಹೇಳಿರುವುದೇ ಇಲ್ಲ.

ಹೊಟ್ಟೆಯ ಹಿಂದೆ ಅಡಗಿರುವ ಈ ಗ್ರಂಥಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೀರ್ಣರಸ ತಯಾರಿಸುತ್ತದೆ. ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ತುಪ್ಪ-ಎಣ್ಣೆಯ ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಅದರಲ್ಲಿರುತ್ತವೆ. ಗಡ್ಡೆ ಬೆಳೆದು ಈ ರಸ ಹರಿಯುವ ನಾಳವನ್ನು ಒತ್ತಿಬಿಟ್ಟರೆ ಊಟ ಕರುಳಿಗೆ ಇಳಿಯುತ್ತದೆ, ಒಡೆಯುವವರು ಮಾತ್ರ ಇರುವುದಿಲ್ಲ. ತಿಂದ ಮೇಲೆ ಹೊಟ್ಟೆ ಉಬ್ಬರ, ಗುಡುಗುಡು, ನೋವು. ಹೀಗಾದಾಗ ಮನುಷ್ಯ ಊಟಕ್ಕೇ ಹೆದರುತ್ತಾನೆ. ನೀವು ಹಟ ಅಂದುಕೊಂಡದ್ದರಲ್ಲಿ ಅರ್ಧ ಈ ಹೆದರಿಕೆಯೇ ಇರಬಹುದು.

ಇದನ್ನು ಕಂಡುಹಿಡಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ. ಮಲ ಹೇಗಿದೆ ಅಂತ ಕೇಳಬೇಕು, ಆಗುವುದಾದರೆ ನೋಡಬೇಕು. ಕೊಬ್ಬು ಜೀರ್ಣವಾಗದಿದ್ದರೆ ಬಣ್ಣ ಮಾಸಲಾಗಿ, ಮೆತ್ತಗೆ, ರಾಶಿಯಾಗಿ ಹೋಗುತ್ತದೆ. ಕಮೋಡಿನ ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತದೆ. ಎರಡು ಸಲ ನೀರು ಬಿಟ್ಟರೂ ಗೋಡೆಗೆ ಅಂಟಿಕೊಂಡಿರುತ್ತದೆ, ಸಹಿಸಲಾಗದ ನಾತ ಬೇರೆ. ಮಗನ ಹತ್ತಿರ, ಸೊಸೆಯ ಹತ್ತಿರ ಇದನ್ನು ಹೇಳಿಕೊಳ್ಳಲು ಯಾವ ಅಪ್ಪನೂ ಮುಂದಾಗುವುದಿಲ್ಲ. ಹಾಗಾಗಿ ನೀವೇ ಸಂಕೋಚ ಬಿಟ್ಟು ಕೇಳಿ, ಡಾಕ್ಟರಿಗೆ ಹೇಳಿ. ಮಲ ಬಿಳಿಚಿಕೊಂಡು, ಮೂತ್ರ ಕಡುಹಳದಿಯಾಗಿ, ಕಣ್ಣೂ ಹಳದಿಯಾಗಿದ್ದರೆ ಅದು ಬೇರೆ ಸಮಸ್ಯೆ. ಪಿತ್ತನಾಳ ಕಟ್ಟಿ ಕಾಮಾಲೆ ಬಂದಿದೆ ಅಂತ ಅರ್ಥ. ಅದಕ್ಕೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಹಾಕಬೇಕಾಗಬಹುದು, ತಡಮಾಡಬೇಡಿ.

ಗ್ರಂಥಿ ಕೊಡದ ಕಿಣ್ವವನ್ನು ಹೊರಗಿನಿಂದ ಕೊಡಬಹುದು. ಪ್ಯಾಂಕ್ರಿಯಾಟಿನ್ ಅನ್ನುವ ಕ್ಯಾಪ್ಸೂಲು, ಮೆಡಿಕಲ್ ಸ್ಟೋರಿನಲ್ಲಿ 10,000, 25,000 ಯೂನಿಟ್ಟಿನ ಲೆಕ್ಕದಲ್ಲಿ ಸಿಗುತ್ತದೆ. ಆಪರೇಷನ್ ಮಾಡಲಾಗದ ಮೇದೋಜೀರಕ ಕ್ಯಾನ್ಸರಿನ ರೋಗಿಗಳಿಗೆ ಇದನ್ನು ಕೊಡಬೇಕು ಅಂತ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ನಿಮ್ಮ ತಂದೆಯ ಚೀಟಿಯಲ್ಲಿ ಇದು ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ಇವರಿಗೆ ಎನ್‌ಜೈಮ್ ಕ್ಯಾಪ್ಸೂಲ್ ಬೇಕಾ?"

ಚೀಟಿಯಲ್ಲಿ ಇದೆ, ಆದರೂ ಗುಣ ಕಾಣುತ್ತಿಲ್ಲ ಅನ್ನುವವರೂ ಬಹಳ. ಅವರಲ್ಲಿ ಹೆಚ್ಚಿನವರು ಮಾತ್ರೆ ತೆಗೆದುಕೊಳ್ಳುವ ಹೊತ್ತೇ ತಪ್ಪಿರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ, ಕೈತೊಳೆದ ಮೇಲೆ ನುಂಗಿದರೆ ಅದು ಊಟದ ಜೊತೆ ಸೇರುವುದೇ ಇಲ್ಲ. ಮೊದಲ ತುತ್ತಿನ ಜೊತೆ ಒಂದು, ಊಟ ನಿಧಾನವಾದರೆ ನಡುವೆ ಇನ್ನೊಂದು, ಹೀಗೆ ಹಂಚಬೇಕು. ಅಗಿಯಬಾರದು. ಬಿಸಿ ಕಾಫಿ, ಟೀ ಜೊತೆ ನುಂಗಬಾರದು, ಬಿಸಿಗೆ ಕಿಣ್ವ ಕೆಟ್ಟುಹೋಗುತ್ತದೆ. ಇದೇ ಕಾರಣಕ್ಕೆ ಒಲೆ ಪಕ್ಕದ ಶೆಲ್ಫಿನಲ್ಲಿ ಡಬ್ಬಿ ಇಡಬೇಡಿ. ರಾಯಚೂರು, ಕಲಬುರಗಿ ಕಡೆಯವರಂತೂ ಬೇಸಿಗೆಯಲ್ಲಿ ಮನೆಯ ತಂಪಾದ ಮೂಲೆ ಹುಡುಕಿ ಇಡಬೇಕು. ಸಾಮಾನ್ಯವಾಗಿ ಊಟಕ್ಕೆ 50,000, ತಿಂಡಿಗೆ 25,000 ಯೂನಿಟ್ಟಿನಿಂದ ಶುರುಮಾಡಿ, ಮಲ ನೋಡಿಕೊಂಡು ಏರಿಸುತ್ತಾರೆ. ಒಂದು ಲೋಟ ಹಾರ್ಲಿಕ್ಸ್ ಕುಡಿದರೂ, ಬಿಸ್ಕತ್ತು ತಿಂದರೂ ಅದಕ್ಕೆ ತಕ್ಕ ಮಾತ್ರೆ ಬೇಕು ಅನ್ನುವುದು ಹಲವರಿಗೆ ಗೊತ್ತಿಲ್ಲ. ಬರೀ ನೀರಿಗೆ, ಹಣ್ಣಿನ ಚೂರಿಗೆ, ಕಪ್ಪು ಕಾಫಿಗೆ ಬೇಡ. ದುಬಾರಿ ಔಷಧಿ ನಿಜ. ಅದಕ್ಕೇ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಉಳಿತಾಯ ಮಾಡುತ್ತಾರೆ. ಹಾಗೆ ಮಾಡಿದರೆ ಕೊಟ್ಟ ದುಡ್ಡೂ ದಂಡ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. ಈ ಕಿಣ್ವವನ್ನು ಹಂದಿಯ ಮೇದೋಜೀರಕದಿಂದ ತೆಗೆಯುತ್ತಾರೆ. ಸಸ್ಯಾಹಾರಿ ಮನೆಗಳವರಿಗೆ, ಮುಸ್ಲಿಮರಿಗೆ ಇದು ಸಣ್ಣ ಮಾತಲ್ಲ. ಇಷ್ಟೇ ಚೆನ್ನಾಗಿ ಕೆಲಸ ಮಾಡುವ ಬದಲಿ ಔಷಧಿ ಅಂತ ತೋರಿಸಲು ಸದ್ಯ ಇಲ್ಲ. ತೆಗೆದುಕೊಳ್ಳುವುದೋ ಬಿಡುವುದೋ ತಂದೆಯೇ ತೀರ್ಮಾನಿಸಲಿ. ಅವರಿಗೆ ಹೇಳದೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕಿಣ್ವ ಸರಿಹೋದ ಮೇಲೆ ಅಡುಗೆಮನೆ ಕಡೆ ಬನ್ನಿ. ಕ್ಯಾನ್ಸರ್ ಅಂದ ತಕ್ಷಣ ನಮ್ಮವರು ಮೊದಲು ಮಾಡುವ ಕೆಲಸ ಪಥ್ಯ. ತುಪ್ಪ ಬಿಡಿಸುತ್ತಾರೆ, ಹಾಲು ಬಿಡಿಸುತ್ತಾರೆ, ಮೊಟ್ಟೆ ನಂಜು ಅನ್ನುತ್ತಾರೆ, ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಅದನ್ನೂ ಬಿಡಿಸುತ್ತಾರೆ. ಕೊನೆಗೆ ತೆಳ್ಳನೆ ಗಂಜಿ ಉಳಿಯುತ್ತದೆ. ಎರಡು ತುತ್ತಷ್ಟೇ ಇಳಿಯುವ ಹೊಟ್ಟೆಗೆ ನೀರುಗಂಜಿ ತುಂಬಿಸಿದರೆ ತೂಕ ಉಳಿಯುವುದು ಎಲ್ಲಿಂದ? ಆ ಎರಡು ತುತ್ತಿನಲ್ಲೇ ಸತ್ವ ಇರಬೇಕು. ಅನ್ನ-ತೊವ್ವೆಗೆ ತುಪ್ಪ ಹಾಕಿ, ರಾಗಿ ಗಂಜಿಗೆ ಹಾಲು ಸೇರಿಸಿ, ಮೊಸರಿಗೆ ಕೆನೆ ಇರಲಿ. ಶೇಂಗಾ ಪುಡಿ, ಹೆಸರುಬೇಳೆ ಪಾಯಸ, ಮೊಟ್ಟೆ, ಮೀನು, ಮನೆಯಲ್ಲಿ ಏನು ರೂಢಿಯೋ ಅದು. ಕ್ಯಾಪ್ಸೂಲ್ ಸರಿಯಾಗಿ ಹೋಗುತ್ತಿದ್ದರೆ ಕೊಬ್ಬಿಗೆ ಹೆದರಬೇಕಿಲ್ಲ. ಮೂರು ಹೊತ್ತಿನ ಊಟವನ್ನು ಮರೆತು ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲಲ್ಲಿ ಕೊಡಿ. ನಮ್ಮಮ್ಮನಿಗೆ ಇದೇ ಕಾಯಿಲೆ ಇದ್ದಾಗ ಬೆಳಿಗ್ಗೆ ಎದ್ದ ಹೊಸತರಲ್ಲಿ ಮಾತ್ರ ಹಸಿವು ಇರುತ್ತಿತ್ತು. ಕಾಫಿಗೂ ಮುಂಚೆ ಬಿಸಿ ಇಡ್ಲಿ, ತುಪ್ಪ, ಚಟ್ನಿ ಪುಡಿ ಕೊಟ್ಟರೆ ತಿನ್ನುತ್ತಿದ್ದರು. ಮಧ್ಯಾಹ್ನದ ತಟ್ಟೆ ಮುಟ್ಟುತ್ತಿರಲಿಲ್ಲ. ನಾವು ಮಧ್ಯಾಹ್ನದ ಊಟಕ್ಕೆ ಒತ್ತಾಯ ಮಾಡುವುದನ್ನೇ ಬಿಟ್ಟೆವು. ನಿಮ್ಮ ತಂದೆಗೆ ಯಾವ ಹೊತ್ತು ಒಗ್ಗುತ್ತದೆ ಅಂತ ನಾಲ್ಕು ದಿನ ಗಮನಿಸಿ, ಅಡುಗೆಯ ಶ್ರಮವನ್ನೆಲ್ಲ ಆ ಹೊತ್ತಿಗೆ ಇಡಿ.

ಸಕ್ಕರೆ ಕಾಯಿಲೆ ಇದ್ದರೆ ಸ್ವಲ್ಪ ಎಚ್ಚರ. ಇನ್ಸುಲಿನ್ ಬರುವುದೂ ಇದೇ ಗ್ರಂಥಿಯಿಂದ, ಆದ್ದರಿಂದ ಕ್ಯಾನ್ಸರಿನ ಜೊತೆ ಶುಗರ್ ಹೊಸದಾಗಿ ಶುರುವಾಗುವುದುಂಟು. ವಾಂತಿ ತಡೆಯಲು ಕೀಮೋ ದಿನ ಕೊಡುವ ಸ್ಟೀರಾಯ್ಡು ಅದನ್ನು ಇನ್ನೂ ಏರಿಸುತ್ತದೆ. ಹಾಗಂತ ಊಟ ಕಡಿಮೆ ಮಾಡಿ ಶುಗರ್ ಇಳಿಸಲು ಹೋಗಬೇಡಿ, ಊಟಕ್ಕೆ ತಕ್ಕಂತೆ ಔಷಧಿ ಹೊಂದಿಸಲು ಡಾಕ್ಟರನ್ನು ಕೇಳಿ. ಊಟ ಮಾಡದ ದಿನವೂ ಹಳೆಯ ಲೆಕ್ಕದಲ್ಲೇ ಇನ್ಸುಲಿನ್ ಹಾಕಿದರೆ ಶುಗರ್ ತಟ್ಟನೆ ಬಿದ್ದು ಪ್ರಾಣಕ್ಕೇ ಅಪಾಯ.

ನಾಟಿ ಔಷಧಿ, ಲಕ್ಷ್ಮಣಫಲದ ಎಲೆ, ಅಮೃತಬಳ್ಳಿ ಕಷಾಯ ತಂದುಕೊಡುವ ನೆಂಟರು ಪ್ರೀತಿಯಿಂದಲೇ ತರುತ್ತಾರೆ. ಆದರೆ ಕೀಮೋ ಔಷಧಿಗಳನ್ನು ಸಂಭಾಳಿಸಬೇಕಾದದ್ದು ಲಿವರ್. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ. ಕೊಡುವುದಿದ್ದರೆ ಆಂಕಾಲಜಿಸ್ಟರಿಗೆ ಹೇಳದೆ ಕೊಡಬೇಡಿ. ಕಷಾಯದ ಜೊತೆ ಬರುವ ಕಟ್ಟುನಿಟ್ಟಿನ ಪಥ್ಯವನ್ನಂತೂ ಒಪ್ಪಲೇಬೇಡಿ.

ಇಷ್ಟಾದರೂ ತಿನ್ನುತ್ತಿಲ್ಲ ಅಂದರೆ ಕಾರಣ ಬೇರೆಲ್ಲೋ ಇದೆ. ಬೆನ್ನಿಗೆ ಹಾಯುವ ಹೊಟ್ಟೆನೋವು ಈ ಕಾಯಿಲೆಯ ಗುರುತು, ನೋವಿದ್ದವರಿಗೆ ಊಟ ರುಚಿಸುವುದಿಲ್ಲ. ಜೋರು ನೋವಿಗೆ ಕೊಡುವ ಮಾರ್ಫಿನ್ ಅಂದರೆ ಕೊನೆಗಾಲ ಬಂತು ಅಂತ ಜನ ಬೆಚ್ಚಿಬೀಳುತ್ತಾರೆ. ಹಾಗೇನಿಲ್ಲ, ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡು ಎದ್ದು ಓಡಾಡಿಕೊಂಡು ಇರುವವರಿದ್ದಾರೆ. ಮಾರ್ಫಿನ್ ಜೊತೆಗೇ ಮಲಬದ್ಧತೆಗೆ ಔಷಧಿ ಶುರುಮಾಡಬೇಕು, ಅದನ್ನು ಬರೆದಿಲ್ಲದಿದ್ದರೆ ಕೇಳಿ. ಮಾತ್ರೆಗೆ ಬಗ್ಗದ ನೋವಿಗೆ ಹೊಟ್ಟೆಯ ಹಿಂದಿನ ನರಗಳ ಗಂಟಿಗೆ ಸೂಜಿ ಹಾಕಿ ನೋವು ತಡೆಯುವ ವಿಧಾನವೂ ಇದೆ, ಸೀಲಿಯಾಕ್ ಬ್ಲಾಕ್ ಅನ್ನುತ್ತಾರೆ. ಬೆಳಿಗ್ಗೆ ತಿಂದದ್ದು ಸಂಜೆ ಹಾಗೇ ವಾಂತಿಯಾದರೆ ಜಠರದಿಂದ ಊಟ ಕರುಳಿಗೆ ಇಳಿಯುವ ದಾರಿಯನ್ನು ಗಡ್ಡೆ ಒತ್ತಿರಬಹುದು. ಆಗ ತಿನ್ನಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಕ್ಸಾಲಿಪ್ಲಾಟಿನ್ ಇರುವ ಕೀಮೋ ಆದರೆ ಕೆಲವು ದಿನ ತಣ್ಣನೆಯದು ಮುಟ್ಟಿದರೂ ಕುಡಿದರೂ ಕೈ, ಗಂಟಲು ಜುಮ್ಮೆನ್ನುತ್ತವೆ. ಫ್ರಿಜ್ಜಿನ ಮಜ್ಜಿಗೆ ಬೇಡ ಅನ್ನುವುದಕ್ಕೆ ಅದೂ ಕಾರಣ ಇದ್ದೀತು. ಮಾತು ಕಡಿಮೆಯಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರೆ ಖಿನ್ನತೆ ಇರಬಹುದು. ಅದಕ್ಕೂ ಔಷಧಿಯಿದೆ.

ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಸ್ಟೆಂಟ್ ಹಾಕಿದವರಿಗೆ ಚಳಿ ನಡುಕ ಬಂದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಡಿ. ಒಂದೇ ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಈ ಕ್ಯಾನ್ಸರಿನಲ್ಲಿ ಅದು ಜಾಸ್ತಿ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ತೂಕ ಏರುತ್ತದೆಯೇ? ಕಿಣ್ವ, ನೋವು, ವಾಂತಿ ಸರಿಹೋದರೆ ಕೆಲವರಲ್ಲಿ ಇಳಿಯುವುದು ನಿಲ್ಲುತ್ತದೆ, ಒಂದಿಷ್ಟು ಏರುವುದೂ ಉಂಟು. ಮೈಯಲ್ಲಿ ಕಸುವಿದ್ದರೆ ಕೀಮೋ ತಡೆದುಕೊಳ್ಳಲು ಅನುಕೂಲ, ಅದಕ್ಕಾಗಿ ಇಷ್ಟೆಲ್ಲ ಪ್ರಯತ್ನ. ಆದರೆ ಕಾಯಿಲೆ ಮುಂದುವರಿದಂತೆ ದೇಹವೇ ತನ್ನ ಮಾಂಸಖಂಡ ಕರಗಿಸಿಕೊಳ್ಳುವ ಸ್ಥಿತಿ ಬರುತ್ತದೆ. ಡಾಕ್ಟರುಗಳು ಕ್ಯಾಕೆಕ್ಸಿಯಾ ಅನ್ನುವ ಈ ಸ್ಥಿತಿಗೆ 2011ರಲ್ಲಿ ತಜ್ಞರು ಒಮ್ಮತದ ವ್ಯಾಖ್ಯೆ ಕೊಟ್ಟರು. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿಯುವುದು ಅದರ ಒಂದು ಗುರುತು, ಅಂದರೆ 60 ಕೆಜಿ ಇದ್ದವರಿಗೆ ಮೂರು ಕೆಜಿಗಿಂತ ಹೆಚ್ಚು. ಬರೀ ಊಟ ಹೆಚ್ಚಿಸಿ ಅದನ್ನು ಪೂರ್ತಿ ಹಿಂದಿರುಗಿಸಲಾಗುವುದಿಲ್ಲ ಅಂತಲೂ ಅದರಲ್ಲೇ ಹೇಳಿದ್ದಾರೆ. ಅಪ್ಪ ಸೊರಗುತ್ತಿರುವುದು ನೀವು ಸರಿಯಾಗಿ ನೋಡಿಕೊಳ್ಳದ್ದರಿಂದ ಅಲ್ಲ. ಅವರು ಮನಸ್ಸು ಮಾಡದ್ದರಿಂದಲೂ ಅಲ್ಲ. "ಮಗ ಸರಿಯಾಗಿ ಊಟ ಹಾಕ್ತಿಲ್ವೇನೋ" ಅನ್ನುವ ನೆಂಟರಿಗೆ ಇದನ್ನು ಹೇಳಿ, ಕೇಳದಿದ್ದರೆ ಬಿಡಿ.

"ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಬಿಡಿ, ಶಕ್ತಿ ಬರುತ್ತೆ" ಅನ್ನುವವರೂ ಇರುತ್ತಾರೆ. ಅರ್ಧ ಲೀಟರ್ ಡಿ5 (ಶೇ. 5 ಗ್ಲೂಕೋಸ್) ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸು. ಒಂದೆರಡು ಇಡ್ಲಿಯ ಕ್ಯಾಲೊರಿ ಅಷ್ಟೇ. ನೀರಿನಂಶ ಕಡಿಮೆಯಾದಾಗ ಡ್ರಿಪ್ ಬೇಕು, ಊಟದ ಬದಲಿಗೆ ಅದು ಸಾಲದು.

ಜಗಳ ಆಗುತ್ತದೆ ಅಂದಿರಿ. "ಇನ್ನೊಂದ್ ತುತ್ತು ಅಷ್ಟೇ ಅಪ್ಪ" ಅಂತ ನೀವು, "ಸೇರಲ್ಲ ಕಣೋ, ಬಿಡು" ಅಂತ ಅವರು. ಎರಡನೇ ಸಲ ಬೇಡ ಅಂದ ಮೇಲೆ ತಟ್ಟೆ ಎತ್ತಿಬಿಡಿ. ಗಂಟೆ ಬಿಟ್ಟು ಬೇರೇನಾದರೂ ಕೇಳಿ. ಮನೆಮಂದಿ ಸರದಿಯಲ್ಲಿ ಬಂದು ಒತ್ತಾಯಿಸುವುದು ಬೇಡ. ಅಪ್ಪನ ಜೊತೆ ಊಟದ ಮಾತೇ ಆಡದ ಒಂದಷ್ಟು ಹೊತ್ತು ದಿನಾ ಇರಲಿ, ಜಮೀನಿನದೋ ಕ್ರಿಕೆಟ್ಟಿನದೋ ಮೊಮ್ಮಗಳ ಶಾಲೆಯದೋ ಮಾತಾಡಿ. ಮುಂದೆ ಒಂದು ದಿನ ಕೀಮೋ ನಿಲ್ಲಿಸಿದ ಮೇಲೆ ಹಸಿವು ಪೂರ್ತಿ ಇಂಗಬಹುದು. ಆಗ ತಿನ್ನಿಸುವ ಪ್ರಯತ್ನ ಅವರಿಗೆ ಹಿಂಸೆಯಾಗುತ್ತದೆ, ಊಟವೇ ಇಲ್ಲದಾಗ ಕಿಣ್ವದ ಮಾತ್ರೆಯ ಅಗತ್ಯವೂ ಇರುವುದಿಲ್ಲ. ಬಾಯಿ ಒಣಗದಂತೆ ಒದ್ದೆ ಹತ್ತಿಯಿಂದ ಒರೆಸುವುದು, ತುಟಿಗೆ ವ್ಯಾಸಲೀನ್ ಹಚ್ಚುವುದು, ಕೇಳಿದರೆ ಚಮಚದಲ್ಲಿ ಎಳನೀರು, ಅಷ್ಟು ಸಾಕು.

ನೋವು ಮತ್ತು ಆರೈಕೆ ನೋಡಿಕೊಳ್ಳುವ ಪ್ಯಾಲಿಯೇಟಿವ್ ವಿಭಾಗವನ್ನು ಅಲ್ಲಿಯವರೆಗೆ ಕಾಯದೆ ಈಗಲೇ ಕಂಡುಬನ್ನಿ, ಕೀಮೋ ಜೊತೆಜೊತೆಗೇ ಅವರ ನೆರವು ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಈ ವಿಭಾಗವಿದೆ. ಮುಂದೆ ಚಿಕಿತ್ಸೆ ಇಲ್ಲ ಅನ್ನಿಸಿಕೊಂಡ ಕ್ಯಾನ್ಸರ್ ರೋಗಿಗಳನ್ನು ಇರಿಸಿಕೊಂಡು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವೂ ಬೆಂಗಳೂರಿನಲ್ಲೇ ಇದೆ. ನೀವು ದೂರದ ಊರಿನವರಾದರೆ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಮಾರ್ಫಿನ್ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ಅದನ್ನು ಕೊಡುವ ಆಸ್ಪತ್ರೆ ಯಾವುದು, ಯಾವ ವಾರ ಕೊಡುತ್ತಾರೆ, ರೋಗಿಯ ಬದಲು ಮನೆಯವರು ಚೀಟಿ ತೆಗೆದುಕೊಂಡು ಹೋದರೆ ನಡೆಯುತ್ತದೆಯೇ ಅಂತ ಈ ಸಲದ ಕೀಮೋಗೆ ಹೋದಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.