ಹವಾಮಾನ ಬದಲಾವಣೆ: ಹಕ್ಕಿಗೆ ಹುಳು ಯಾಕೆ ಸಿಗುತ್ತಿಲ್ಲ?

1850–1900ರ ಅವಧಿಗೆ ಹೋಲಿಸಿದರೆ 2011–2020ರಲ್ಲಿ ಭೂಮಿಯ ಸರಾಸರಿ ತಾಪಮಾನ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗಿತ್ತು. ಭೂಮಿಯ ಬಿಸಿಯನ್ನು ಹಿಡಿದಿಡುವ ಹಸಿರುಮನೆ ಅನಿಲಗಳ ವಿಷಯ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ. ಹವಾಮಾನ ಬದಲಾವಣೆ ಜೀವಿಗಳಿಗೂ ಜನರಿಗೂ ಏನು ಮಾಡುತ್ತದೆ ಎಂಬ ಪಾಠದಲ್ಲಿ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿದ ಪ್ರಶ್ನೆ ಒಂದೇ. ಒಂದು ಡಿಗ್ರಿ ಬಿಸಿ ಏರಿದರೆ ಹಕ್ಕಿಗಳು ಯಾಕೆ ಕಡಿಮೆಯಾಗಬೇಕು? ಅಷ್ಟು ಸೆಕೆಗೆ ಅವು ಸಾಯುವುದಿಲ್ಲವಲ್ಲ.

ಇಲ್ಲಿ ನಿಧಾನವಾಗಿ ಓದಿ

ಪೈಡ್ ಫ್ಲೈಕ್ಯಾಚರ್ ಒಂದು ಪುಟ್ಟ ವಲಸೆ ಹಕ್ಕಿ. ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕಾದಲ್ಲಿ. ವಸಂತದಲ್ಲಿ ನೆದರ್ಲೆಂಡ್ಸ್‌ನ ಕಾಡುಗಳಿಗೆ ಬಂದು ಮರಿ ಮಾಡುತ್ತದೆ. ಮರಿಗಳ ಮುಖ್ಯ ಊಟ ಓಕ್ ಮರದ ಎಳೆ ಎಲೆ ತಿನ್ನುವ ಹುಳುಗಳು. ಇವು ಹೇರಳವಾಗಿ ಸಿಗುವುದು ಕೆಲವೇ ವಾರ. ಎಲೆ ಬಲಿತ ಮೇಲೆ ಆ ಸುಗ್ಗಿ ಮುಗಿಯಿತು.

ವಸಂತ ಬೇಗ ಬೆಚ್ಚಗಾದರೆ ಓಕ್ ಬೇಗ ಚಿಗುರುತ್ತದೆ, ಹುಳುಗಳೂ ಬೇಗ ಬರುತ್ತವೆ. ಹಾಗಾದರೆ ಹಕ್ಕಿಯೂ ಬೇಗ ಹೊರಡಬಹುದು, ಅಲ್ವಾ? ತೊಡಕು ಇರುವುದು ಇಲ್ಲೇ.

ಹೊರಡುವ ಹೊತ್ತಿಗೆ ಹಕ್ಕಿ ಸಾವಿರಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಯುರೋಪಿನಲ್ಲಿ ಈ ಸಲ ಓಕ್ ಬೇಗ ಚಿಗುರಿದೆ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದು ನಂಬುವುದು ಹಗಲಿನ ಉದ್ದವನ್ನು, ಜೊತೆಗೆ ಮೈಯೊಳಗಿನ ವರ್ಷದ ಲಯವನ್ನು. ಹಗಲಿನ ಉದ್ದ ಬದಲಾಗುವುದು ಭೂಮಿ ಓರೆಯಾಗಿ ಸೂರ್ಯನನ್ನು ಸುತ್ತುವುದರಿಂದ. ಗಾಳಿ ಎಷ್ಟೇ ಬಿಸಿಯಾಗಲಿ, ಏಪ್ರಿಲ್ 10ರ ಹಗಲು ಅಷ್ಟೇ ಉದ್ದ ಇರುತ್ತದೆ. ಹುಳುವಿಗೆ ಕಾಲ ತಿಳಿಸುವುದು ತಾಪಮಾನ, ಅದು ಬದಲಾಗಿದೆ. ಹಕ್ಕಿಗೆ ಕಾಲ ತಿಳಿಸುವುದು ಹಗಲು, ಅದು ಇದ್ದಲ್ಲೇ ಇದೆ.

ಸರಿ, ಬಂದ ಮೇಲಾದರೂ ಅವಸರ ಮಾಡಬಹುದಲ್ಲ? ಮಾಡಿತು. ಬಂದು ಸೇರಿದ ಮೇಲೆ ಮೊದಲಿಗಿಂತ ಬೇಗ ಮೊಟ್ಟೆ ಇಡತೊಡಗಿತು. ಆದರೆ ಬರುವುದಕ್ಕೂ ಮೊದಲೇ ಮೊಟ್ಟೆ ಇಡಲಾಗದು. ಕಾವು ಕೊಡಲು ಸುಮಾರು ಎರಡು ವಾರ ಬೇಕೇ ಬೇಕು. ಇಷ್ಟೆಲ್ಲ ಆಗಿ ಮರಿಗಳ ಹಸಿವು ಜೋರಾಗುವಾಗ ಹುಳುಗಳ ಸುಗ್ಗಿ ಇಳಿದಿರುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಎಣಿಸಿ ತೋರಿಸಿತು. ಸುಗ್ಗಿ ತೀರಾ ಬೇಗ ಬರುವ ಕಾಡುಗಳಲ್ಲಿ ಎರಡು ದಶಕಗಳಲ್ಲಿ ಈ ಹಕ್ಕಿಗಳು ಸುಮಾರು ಶೇ 90ರಷ್ಟು ಕಡಿಮೆಯಾಗಿದ್ದವು. ಸುಗ್ಗಿ ತಡವಾಗಿ ಬರುವ ಕಾಡುಗಳಲ್ಲಿ ಇಳಿಕೆ ತುಂಬ ಸಣ್ಣದು. ಅದೇ ಹಕ್ಕಿ, ಅದೇ ದೇಶ!

ಇದರ ಜೊತೆಗೇ ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ವೈಟಮ್ ಕಾಡನ್ನು ನೆನಪಿಡಿ. ಅಲ್ಲಿನ ಗ್ರೇಟ್ ಟಿಟ್ ಹಕ್ಕಿಗಳು ವಲಸೆ ಹೋಗುವುದಿಲ್ಲ, ಸ್ಥಳದ ಬಿಸಿ ಅವುಗಳಿಗೇ ತಿಳಿಯುತ್ತದೆ. 1960ರ ದಶಕಕ್ಕೆ ಹೋಲಿಸಿದರೆ ಅವು ಹುಳುಗಳ ಸುಗ್ಗಿಗೆ ತಕ್ಕಂತೆ ಸುಮಾರು ಎರಡು ವಾರ ಮುಂಚೆ ಮೊಟ್ಟೆ ಇಡುತ್ತಿವೆ.

ಎರಡು ಪ್ರಶ್ನೆ ಸಾಕು

ಯಾವ ಜೀವಿಯ ಉದಾಹರಣೆ ಬಂದರೂ ನಾನು ಮೊದಲು ಇಷ್ಟನ್ನೇ ಕೇಳುತ್ತೇನೆ. ಇದಕ್ಕೆ ಕಾಲ ತಿಳಿಸುವುದು ಯಾವುದು? ಇದು ನೆಚ್ಚಿಕೊಂಡಿರುವುದಕ್ಕೆ ಕಾಲ ತಿಳಿಸುವುದು ಯಾವುದು? ಉತ್ತರ ಬೇರೆ ಬೇರೆಯಾದರೆ ಅಪಾಯ ಇದೆ. ಉತ್ತರ ಅಮೆರಿಕದ ಸ್ನೋಶೂ ಮೊಲ ನೋಡಿ. ತುಪ್ಪಳ ಬೆಳ್ಳಗಾಗುವುದು ಹಗಲು ಚಿಕ್ಕದಾದಾಗ. ಹಿಮ ಬೀಳುವುದು, ಕರಗುವುದು ತಾಪಮಾನದಿಂದ. ಹಿಮ ತಡವಾದರೆ ಕಂದು ನೆಲದ ಮೇಲೆ ಬಿಳಿ ಮೊಲ, ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಸುಲಭ.

ಇದೇ ಪ್ರಶ್ನೆಗಳು ಜನರ ವಿಷಯದಲ್ಲೂ ಕೆಲಸಕ್ಕೆ ಬರುತ್ತವೆ. ನನಗೆ ತುಂಬ ಇಷ್ಟವಾದದ್ದು ಇದೇ. ಅಲಾಸ್ಕಾದ ಶಿಶ್ಮರೆಫ್ ಒಂದು ಚಿಕ್ಕ ದ್ವೀಪದ ಮೇಲಿರುವ ಇನ್ಯುಪಿಯಾಟ್ ಎಂಬ ಮೂಲನಿವಾಸಿ ಜನರ ಊರು. ಶರತ್ಕಾಲದ ಬಿರುಗಾಳಿಗಳು ಅಲ್ಲಿಗೆ ಹೊಸವಲ್ಲ. ಮೊದಲು ಆ ಹೊತ್ತಿಗೆ ಕಡಲು ಹೆಪ್ಪುಗಟ್ಟಿ, ಆ ಮಂಜುಗಡ್ಡೆಯೇ ದಡವನ್ನು ಕಾಯುತ್ತಿತ್ತು. ಈಗ ಹೆಪ್ಪುಗಟ್ಟುವುದು ತಡ. ಬಿರುಗಾಳಿ ಬಂದಾಗ ಅಲೆಗಳು ನೇರವಾಗಿ ದಡಕ್ಕೆ ಬಡಿಯುತ್ತವೆ, ಒಳಗೆ ಹೆಪ್ಪುಗಟ್ಟಿದ್ದ ನೆಲವೂ ಕರಗಿ ಸಡಿಲವಾಗಿರುತ್ತದೆ. 2016ರಲ್ಲಿ ಊರಿನವರು ಬೇರೆಡೆಗೆ ಹೋಗುವ ಪರವಾಗಿ ಮತ ಹಾಕಿದರು. ಹುಟ್ಟಿದ ಊರನ್ನು ಬಿಡಬೇಕೋ ಬೇಡವೋ ಎಂದು ಮತ ಹಾಕುವುದು ಎಷ್ಟು ಕಷ್ಟದ ಕೆಲಸ!

ಬೆಟ್ಟದ ಹಿಮ ಕರಗಿದ ನೀರನ್ನು ನೆಚ್ಚಿದ ರೈತರಿಗೂ ಹೀಗೆಯೇ. ಹಿಮ ಬೇಗ ಕರಗಿದರೆ ನೀರು ಮೊದಲೇ ಹರಿದು ಹೋಗುತ್ತದೆ, ಬೇಸಿಗೆಯ ಕೊನೆಗೆ ಬೆಳೆ ಕೇಳಿದಾಗ ಹೊಳೆ ಬತ್ತಿರುತ್ತದೆ.

ಈ ಲೆಕ್ಕಕ್ಕೆ ಸಿಗದವು

ಎಲ್ಲವನ್ನೂ ಈ ಎರಡು ಪ್ರಶ್ನೆಗಳಲ್ಲಿ ತುರುಕಬೇಡಿ. ಹವಳ ಎಂಬ ಕಡಲ ಜೀವಿಗೆ ಬಿಸಿಯೇ ನೇರ ಹೊಡೆತ: ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಉಳಿದರೆ ಅದು ತನಗೆ ಊಟ ಒದಗಿಸುವ, ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬ್ರಾಂಬಲ್ ಕೇ ಮೆಲೊಮಿಸ್ ಎಂಬ ಇಲಿಯ ನೆಲೆ ಒಂದೇ ಒಂದು ತಗ್ಗು ದ್ವೀಪ. ಅಲ್ಲಿಗೆ ಕಡಲು ಮತ್ತೆ ಮತ್ತೆ ನುಗ್ಗಿತು. 2019ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದು ಅಳಿದಿದೆ ಎಂದು ಘೋಷಿಸಿತು.

ಹಸಿರು ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದು ಮರಳಿನ ಬಿಸಿಯಿಂದ ನಿರ್ಧಾರವಾಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಎಳೆಯ ಆಮೆಗಳಲ್ಲಿ ಶೇ 99ರಷ್ಟು ಹೆಣ್ಣೇ ಎಂದು 2018ರ ಅಧ್ಯಯನ ಕಂಡುಕೊಂಡಿತು. ಗೂಡುಗಳಿಗೆ ನೆರಳು ಮಾಡಿ, ನೀರು ಹಾಯಿಸಿ ಮರಳನ್ನು ತಂಪಾಗಿಡುವ ಪ್ರಯೋಗಗಳು ನಡೆದಿವೆ.